ಕ್ರೀಡಾಗಾಯಗಳ ಪುನಶ್ಚೇತನ: ಪರಾಮರ್ಶನ ಗ್ರಂಥವನ್ನು ಆರಿಸುವ ಬಗೆ

ಈ ವರ್ಷ ನಮ್ಮ ಗ್ರಂಥಾಲಯ ಸಮಿತಿಯ ಮುಂದೆ ಕ್ರೀಡಾವಿಭಾಗದ ಬೇಡಿಕೆಯೊಂದು ಬಂದಿತು. ಆಟದಲ್ಲಿ ಗಾಯಗೊಂಡ ದೇಹವನ್ನು ಮತ್ತೆ ಆಟಕ್ಕೆ ಸಜ್ಜುಗೊಳಿಸುವ ಕ್ರಮವನ್ನು, ಅಂದರೆ ಪುನಶ್ಚೇತನವನ್ನು, ಕುರಿತ ಪರಾಮರ್ಶನ ಗ್ರಂಥವೊಂದು ಅವರಿಗೆ ಬೇಕಾಗಿತ್ತು. ಹಣವಿದ್ದದ್ದು ಒಂದೇ ಗ್ರಂಥಕ್ಕೆ ಸಾಲುವಷ್ಟು. ಆಯ್ಕೆಯ ಹೊಣೆ ಕನ್ನಡ ಅಧ್ಯಾಪಕನ ಪಾಲಿಗೂ ಬಂದುದು ಕೆಲವರಿಗೆ ನಗೆ ತರಿಸಿತು. ಆದರೆ ಕಬಡ್ಡಿ, ಖೋ ಖೋ ಆಡುವವರು, ತಾಲೀಮಿಗೆ ಹೋಗುವವರು ನನ್ನ ಐಚ್ಛಿಕ ಕನ್ನಡದ ತರಗತಿಯಲ್ಲಿಯೇ ಇದ್ದಾರೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದ ವಿದ್ಯಾರ್ಥಿಯೊಬ್ಬ ಕಳೆದ ವರ್ಷ, "ಆರು ತಿಂಗಳಾದವ್ರಿ ಸರ್, ಇನ್ನ ಆಡಬಹುದಲ್ರಿ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಾನು ವೈದ್ಯನಲ್ಲ, ಪುಸ್ತಕವನ್ನು ಓದಿ ತೂಗುವುದಷ್ಟೇ ನನ್ನ ವೃತ್ತಿ. ಆ ದೃಷ್ಟಿಯಿಂದ ಕಂಡುದನ್ನು ಇಲ್ಲಿ ಹೇಳುತ್ತೇನೆ.

ಇಂತಹ ಗ್ರಂಥವನ್ನು ಕೈಗೆತ್ತಿಕೊಂಡವರು ಮೊದಲು ತೆರೆಯಬೇಕಾದುದು ಪಾದದ ಕೀಲಿನ ಉಳುಕನ್ನು ಕುರಿತ ಅಧ್ಯಾಯ. ಗ್ರಂಥದ ನಿಜವಾದ ವಯಸ್ಸು ಅಲ್ಲಿ ತಿಳಿಯುತ್ತದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಅಂಗವನ್ನು ಎತ್ತರಿಸಿಡುವುದು ಎಂಬ ನಾಲ್ಕು ಉಪಾಯಗಳಿಗೆ 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರು 'ರೈಸ್' ಎಂಬ ಸಂಕ್ಷಿಪ್ತ ನಾಮವನ್ನಿತ್ತರು. ಅದು ಜಗತ್ತಿನ ಮೈದಾನಗಳಿಗೆಲ್ಲ ಹಬ್ಬಿತು. ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದೆಂದು ಮುಂದೆ ಬರೆದವರೂ ಅವರೇ. ಅಷ್ಟರಲ್ಲಿ, 2012ರ ಹೊತ್ತಿಗೆ, ಬರಿಯ ವಿಶ್ರಾಂತಿಯ ಬದಲು ಗಾಯಗೊಂಡ ಅಂಗದ ಮೇಲೆ ಹದವರಿತು ಭಾರ ಹಾಕಬೇಕೆನ್ನುವ 'ಪೊಲೀಸ್' ಸೂತ್ರ ಬಂದಿತ್ತು. 2019ರ 'ಪೀಸ್ ಅಂಡ್ ಲವ್' ಸೂತ್ರದಲ್ಲಿ ಮಂಜುಗಡ್ಡೆಗೆ ಸ್ಥಾನವೇ ಇಲ್ಲ. ಮಂಜುಗಡ್ಡೆಯು ನೋವನ್ನು ತಗ್ಗಿಸುತ್ತದೆಂಬುದನ್ನು ಯಾರೂ ಅಲ್ಲಗಳೆದಿಲ್ಲ. ಪ್ರಶ್ನೆಯಿರುವುದು ಮಾಯುವಿಕೆಯ ಬಗ್ಗೆ. ನಾಲ್ಕು ಉಪಾಯಗಳನ್ನು ಹೇಳಿ ಸುಮ್ಮನಾಗುವ ಗ್ರಂಥವು ಹೊಸ ಹೊದಿಕೆ ತೊಟ್ಟ ಹಳೆಯ ಗ್ರಂಥವೆಂದು ತಿಳಿಯಬೇಕು. ಪ್ರಾಸಂಗಿಕವಾಗಿ ಒಂದು ಮಾತು: ಉಳುಕಿದ ಕಾಲಿಗೆ ಆಗಿಂದಾಗಲೇ ಎಣ್ಣೆ ಹಚ್ಚಿ ತಿಕ್ಕುವ ವಸ್ತಾದರ ಪದ್ಧತಿಯನ್ನು ಹಳೆಯ ಗ್ರಂಥಗಳೂ ಹೊಸವೂ ಮೊದಲ ಎರಡು ಮೂರು ದಿನ ಬೇಡವೆನ್ನುತ್ತವೆ, ಏಕೆಂದರೆ ಒಳಗಿನ ರಕ್ತಸ್ರಾವವೂ ಬಾವೂ ಅದರಿಂದ ಹೆಚ್ಚಬಹುದು.

ಎರಡನೆಯ ಪರೀಕ್ಷೆ ಆ ವಿದ್ಯಾರ್ಥಿಯ ಪ್ರಶ್ನೆಗೆ ಸಂಬಂಧಿಸಿದ್ದು. ಆಟಗಾರರು 'ಎಸಿಎಲ್' ಎಂದು ಕರೆಯುವ ಮೊಣಕಾಲಿನ ಅಸ್ಥಿರಜ್ಜು ಹರಿದು, ಶಸ್ತ್ರಚಿಕಿತ್ಸೆಯಾದ ಮೇಲೆ ಮರಳಿ ಆಡುವುದು ಎಂದು? ಕೆಲವು ಗ್ರಂಥಗಳು ತಿಂಗಳುಗಳನ್ನು ಎಣಿಸುತ್ತವೆ; ಉತ್ತಮ ಗ್ರಂಥಗಳು ತಿಂಗಳುಗಳೊಡನೆ ಅರ್ಹತೆಯನ್ನೂ ಕೇಳುತ್ತವೆ. ತೊಡೆಯ ಮುಂಭಾಗದ ಸ್ನಾಯುವಿನ ಬಲವು ಇನ್ನೊಂದು ಕಾಲಿನ ಬಲದ ಶೇ. 90ರಷ್ಟಾದರೂ ಆಗಿದೆಯೇ? ಒಂಟಿಕಾಲಿನಲ್ಲಿ ಜಿಗಿದಾಗ ಎರಡು ಕಾಲುಗಳ ಅಂತರ ಹೆಚ್ಚುಕಡಿಮೆ ಸಮನಾಗಿದೆಯೇ? ಈ ಪ್ರಶ್ನೆಗಳು ಸುಮ್ಮನೆ ಹುಟ್ಟಿದವಲ್ಲ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 106 ರೋಗಿಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತನೆಯ ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮೊಣಕಾಲಿನ ಮರುಗಾಯದ ಪ್ರಮಾಣ ಶೇ. 51ರಷ್ಟು ಇಳಿಯಿತು. ಅರ್ಹತೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆಯೇ ಆಟಕ್ಕೆ ಮರಳಿದವರಲ್ಲಿ ಶೇ. 38ರಷ್ಟು ಮಂದಿಗೆ ಮರುಗಾಯವಾದರೆ, ತೇರ್ಗಡೆಯಾದವರಲ್ಲಿ ಅದು ಶೇ. 6ಕ್ಕೂ ಕಡಿಮೆ. ನಮ್ಮ ಹುಡುಗನ ಆರು ತಿಂಗಳು ಎಂಬ ಲೆಕ್ಕ ಎಷ್ಟು ಅಪಾಯದ್ದೆಂಬುದು ನನಗೆ ಅರಿವಾದದ್ದು ಇದನ್ನು ಓದಿದ ಬಳಿಕ.

ನಮ್ಮ ಮುಂದಿದ್ದ ಗ್ರಂಥಗಳು ಮೂರು. ಕಿಸ್ನರ್ ಮತ್ತು ಕಾಲ್ಬಿ ಅವರ 'ಥೆರಪ್ಯೂಟಿಕ್ ಎಕ್ಸರ್‌ಸೈಜ್' 1985ರಿಂದ ಪರಿಷ್ಕಾರಗೊಳ್ಳುತ್ತ ಬಂದಿದೆ. ವ್ಯಾಯಾಮಗಳ ಚಿತ್ರಗಳು ಹೇರಳವಾಗಿವೆ, ಆದರೆ ಅದು ಕ್ರೀಡಾಪಟುಗಳಿಗೆಂದೇ ಬರೆದುದಲ್ಲ. ಪ್ರೆಂಟಿಸ್ ಅವರದು ಅಮೆರಿಕದ ಕಾಲೇಜು ತಂಡಗಳ ತರಬೇತುದಾರರನ್ನು ಕಣ್ಣೆದುರಿಗಿಟ್ಟುಕೊಂಡದ್ದು. ಅಲ್ಲಿಯ ಸಲಕರಣೆಗಳು ನಮ್ಮಲ್ಲಿಲ್ಲ. ಮೂರನೆಯದು ಬ್ರೂಕ್ನರ್ ಮತ್ತು ಖಾನ್ ಅವರ 'ಕ್ಲಿನಿಕಲ್ ಸ್ಪೋರ್ಟ್ಸ್ ಮೆಡಿಸಿನ್', 1993ರಲ್ಲಿ ಆಸ್ಟ್ರೇಲಿಯದಲ್ಲಿ ಮೊದಲು ಹೊರಬಂದದ್ದು. ಇದರ ಐದನೆಯ ಆವೃತ್ತಿ ಎರಡು ಸಂಪುಟಗಳಲ್ಲಿದೆ. ಗಾಯಗಳ ವಿಚಾರ 2017ರ ಮೊದಲ ಸಂಪುಟದಲ್ಲಿದೆ. 2019ರ ಎರಡನೆಯದು ವ್ಯಾಯಾಮವನ್ನೇ ಔಷಧವಾಗಿ ಕಾಣುವ ಬೇರೆ ವಿಷಯ. ಹೆಸರೊಂದನ್ನೇ ಬರೆದು ತರಿಸಿದರೆ ಬೇಡದ ಸಂಪುಟ ಬರುವ ಸಂಭವವುಂಟು. ನಾನು ಮೊದಲ ಸಂಪುಟದ ಪರವಾಗಿ ಮಾತನಾಡಿದೆನು, ಸಮಿತಿಯೂ ಒಪ್ಪಿತು.

ಇನ್ನು ಭಾಷೆಯ ತೊಡಕು. ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡದಲ್ಲಿ, ಅನಂತರ ಮರಾಠಿಯಲ್ಲಿ ಕಲಿತವನು. ಎರಡೂ ನುಡಿಗಳಲ್ಲಿ ಈ ಗ್ರಂಥವನ್ನು ಅರ್ಥೈಸಲು ಯತ್ನಿಸಿದೆ. ಇಂಗ್ಲಿಷಿನಲ್ಲಿ 'ಸ್ಪ್ರೇನ್' ಎಂದರೆ ಅಸ್ಥಿರಜ್ಜುವಿಗೆ ಆದ ಪೆಟ್ಟು, 'ಸ್ಟ್ರೇನ್' ಎಂದರೆ ಸ್ನಾಯುವಿಗೆ ಆದದ್ದು. ನಮ್ಮ ಬಳಕೆಯ 'ಉಳುಕು' ಎರಡನ್ನೂ ಒಳಗೊಳ್ಳುತ್ತದೆ. ಮರಾಠಿಯ 'ಲಚಕ' ಎಂಬುದೂ ಹಾಗೆಯೇ. ಚಿಕಿತ್ಸೆಯ ಕ್ರಮ ಬೇರೆಯಾಗುವುದರಿಂದ ಈ ಭೇದ ಕೇವಲ ನಿಘಂಟಿನ ವಿಷಯವಲ್ಲ. 'ಸ್ನಾಯು' ಎಂಬ ಪದದ ಪಯಣ ಇನ್ನೂ ಸ್ವಾರಸ್ಯಕರ. ಸುಶ್ರುತಸಂಹಿತೆಯಲ್ಲಿ ಅದು ಕಟ್ಟುವ ನರಹುರಿಯಂತಹ ಅಂಗ. ಮಾಂಸಖಂಡಕ್ಕೆ ಅಲ್ಲಿರುವ ಹೆಸರು 'ಪೇಶಿ'. ಇಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸ್ನಾಯುವೆಂದರೆ ಮಾಂಸಖಂಡವೇ. ಹಳೆಯ ವೈದ್ಯಗ್ರಂಥವನ್ನು ಹೊಸ ಅರ್ಥದಲ್ಲಿ ಓದಿದವರು ಎಡವುತ್ತಾರೆ.

ಆದುದರಿಂದ ತೃತೀಯ ವರ್ಷದ ಮೂವರು ವಿದ್ಯಾರ್ಥಿಗಳೊಡನೆ ಪಾದ ಮತ್ತು ಮೊಣಕಾಲಿನ ಅಧ್ಯಾಯಗಳ ಪದಗಳನ್ನು ಕನ್ನಡ ಮತ್ತು ಮರಾಠಿ ಸಮಾನಪದಗಳೊಡನೆ ಒಂದು ವಹಿಯಲ್ಲಿ ಬರೆದಿಡತೊಡಗಿದ್ದೇನೆ. 'ಟೆಂಡನ್' ಎಂಬುದಕ್ಕೆ ಸ್ನಾಯುರಜ್ಜುವೆನ್ನಬೇಕೋ ಕಂಡರವೆನ್ನಬೇಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಗ್ರಂಥವನ್ನು ಮನೆಗೆ ಒಯ್ಯುವಂತಿಲ್ಲ. ವಹಿಯು ಅದರ ಪಕ್ಕದಲ್ಲಿಯೇ ಇರುತ್ತದೆ. ಜಿಗಿತದ ಪರೀಕ್ಷೆಯ ಪುಟದಲ್ಲಿ ಗುರುತಿನ ಚೀಟಿಯನ್ನಿಟ್ಟವನು ಆ ಮೊಣಕಾಲಿನ ವಿದ್ಯಾರ್ಥಿಯೇ. ದಯವಿಟ್ಟು ಅದನ್ನು ತೆಗೆಯಬೇಡಿರಿ.