ನೋಟವೇ ಬಣ್ಣವಾಗುವ ಮೀನು

ಉಷ್ಣವಲಯದ ಸಮುದ್ರಗಳಲ್ಲಿ, ಹವಳದ ದಿಬ್ಬಗಳ ನಡುವಣ ಮರಳಿನ ಬಯಲುಗಳಲ್ಲಿ ವಾಸಿಸುವ ಬೋಥಸ್ ಕುಲದ ಚಪ್ಪಟೆ ಮೀನುಗಳು, ನಮ್ಮ ಕರಾವಳಿಯವರು ಬಲ್ಲ ನಂಗು ಮೀನಿನ ದೂರದ ಬಂಧುಗಳು. ಮರಿಯಾಗಿದ್ದಾಗ ಇತರ ಮೀನುಗಳಂತೆಯೇ ತಲೆಯ ಇಕ್ಕೆಲಗಳಲ್ಲಿ ಒಂದೊಂದು ಕಣ್ಣನ್ನುಳ್ಳ ಈ ಪ್ರಾಣಿ ಬೆಳೆದಂತೆ, ಅದರ ಬಲಗಣ್ಣು ನೆತ್ತಿಯನ್ನು ಬಳಸಿ ಎಡಮಗ್ಗುಲಿಗೆ ಬಂದು ಸೇರುವುದು. ಆ ಬಳಿಕ ಕಣ್ಣಿಲ್ಲದ ಮಗ್ಗುಲನ್ನು ನೆಲಕ್ಕೊತ್ತಿ ಮಲಗಿಯೇ ಅದು ಬಾಳುತ್ತದೆ. ಈ ಕಣ್ಣಿನ ಪಯಣವನ್ನು ಮುಂದೊಡ್ಡಿ ಜೀವವಿಜ್ಞಾನಿ ಮಿವಾರ್ಟನು ನಿಸರ್ಗದ ಆಯ್ಕೆಯ ವಾದದ ವಿರುದ್ಧ ಎತ್ತಿದ ಆಕ್ಷೇಪಕ್ಕೆ ಡಾರ್ವಿನ್ನನು ತನ್ನ 'ಜೀವಜಾತಿಗಳ ಉಗಮ' ಗ್ರಂಥದ 1872ರ ಆವೃತ್ತಿಯಲ್ಲಿ ಉತ್ತರ ಹೇಳಬೇಕಾಯಿತು. ನನ್ನ ಮಟ್ಟಿಗೆ ಅದಕ್ಕಿಂತಲೂ ಕುತೂಹಲಕರವಾದುದು ನೆಲಕ್ಕೆ ತಕ್ಕಂತೆ ಮೈಬಣ್ಣ ಬದಲಿಸುವ ಈ ಮೀನಿನ ವರ್ಣವಿದ್ಯೆ.

ಚರ್ಮದಲ್ಲಿ ಕವಲೊಡೆದ ವರ್ಣಕೋಶಗಳಿವೆ. ಕೋಶದೊಳಗಿನ ಕಪ್ಪು ಕಣಗಳು ನಡುವಿಗೆ ಬಂದು ಮುದ್ದೆಗಟ್ಟಿದರೆ ಆ ಭಾಗ ತಿಳಿಯಾಗಿಯೂ, ಕವಲುಗಳಲ್ಲೆಲ್ಲ ಹರಡಿಕೊಂಡರೆ ಕಪ್ಪಾಗಿಯೂ ತೋರುವುದು. ಈ ಕಣಗಳನ್ನು ನಡೆಸುವವು ನರಗಳು. ನರಗಳಿಗೆ ಸುದ್ದಿ ಬರುವುದಾದರೂ ಕಣ್ಣಿನಿಂದ. ಇಟಲಿಯ ನೇಪಲ್ಸ್ ನಗರದ ಸಮುದ್ರಜೀವಿ ಸಂಶೋಧನಾಲಯದಲ್ಲಿ ಅಮೆರಿಕದ ಸಮ್ನರ್ ಎಂಬ ವಿಜ್ಞಾನಿ ಇಂಥ ಮೀನುಗಳನ್ನು ಬಗೆಬಗೆಯ ಮರಳು, ಜಲ್ಲಿ, ಚುಕ್ಕೆಯ ಹಾಸು, ಚದುರಂಗದ ಹಾಸುಗಳ ಮೇಲೆ ಬಿಟ್ಟು ನೋಡಿ, 1911ರಲ್ಲಿ ಪ್ರಕಟಿಸಿದ ವಿವರಗಳು ಇಂದಿಗೂ ಓದತಕ್ಕವು. ನೆಲ ಬದಲಾದಂತೆ ಮೀನಿನ ಮೈಯ ಚಿತ್ತಾರವೂ ಬದಲಾಯಿತು. ದೃಷ್ಟಿಯನ್ನು ಕಳೆದುಕೊಂಡ ಮೀನಿಗೆ ಮಾತ್ರ ಆ ಸಾಮರ್ಥ್ಯವೇ ಉಳಿಯಲಿಲ್ಲ. ಪ್ರಯೋಗಕ್ಕಾಗಿ ಮೂಕಪ್ರಾಣಿಯನ್ನು ಕುರುಡಾಗಿಸುವುದು ಕ್ರೂರವೇ ಸರಿ, ಆದರೆ ಬೆನ್ನಿನ ಬಣ್ಣ ನಿರ್ಧಾರವಾಗುವುದು ನೋಟದಿಂದಲೇ ಎಂಬ ವಿಷಯದಲ್ಲಿ ಅಲ್ಲಿಗೆ ಸಂದೇಹವುಳಿಯಲಿಲ್ಲ.

ಸಮ್ನರನ ಕೆಲವು ಮೀನುಗಳಿಗೆ ಈ ಹೊಂದಾಣಿಕೆಗೆ ದಿನಗಳೇ ಹಿಡಿದಿದ್ದವು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಸಂಗಡಿಗರು ಅಟ್ಲಾಂಟಿಕ್‌ನ ಉಷ್ಣ ಜಲದಲ್ಲಿರುವ ಬೋಥಸ್ ಒಸೆಲೇಟಸ್ ಎಂಬ ಜಾತಿಯನ್ನು ಪರೀಕ್ಷಿಸಿದಾಗಲಾದರೋ, ಅದು 2ರಿಂದ 8 ಸೆಕೆಂಡುಗಳಲ್ಲಿಯೇ ವೇಷ ಬದಲಿಸಿತು. 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅವರ ಲೇಖನದ ತಿರುಳು ಬೇರೆಯೇ ಇದೆ: ಮೀನಿನ ಬಳಿಯಿರುವ ಮೂಲವಿನ್ಯಾಸಗಳು ಕೆಲವೇ ಕೆಲವು, ಅವುಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸುವುದರಿಂದಲೇ, ನಾಲ್ಕಾರು ಸ್ವರಗಳಿಂದ ಹಲವು ರಾಗಗಳು ಹುಟ್ಟುವಂತೆ, ನಾನಾ ಚಿತ್ತಾರಗಳು ಮೂಡುವುವು.

ಆದುದರಿಂದ ಈ ಮೀನು ನೆಲವನ್ನು ಇದ್ದಂತೆಯೇ ನಕಲು ಮಾಡುತ್ತದೆಂಬ ಜನಪ್ರಿಯ ವರ್ಣನೆ ಅತಿಶಯೋಕ್ತಿಯೇ. ಚದುರಂಗದ ಹಾಸಿನ ಮೇಲೆ ಅದು ಕಪ್ಪುಬಿಳುಪಿನ ಮಚ್ಚೆಗಳನ್ನು ತೋರೀತೇ ಹೊರತು ಚೌಕಗಳನ್ನಲ್ಲ. ಸಮುದ್ರತಳದಲ್ಲಿ ಚೌಕಗಳಿಲ್ಲ, ಅಲ್ಲಿರುವ ಮರಳು, ಚಿಪ್ಪಿನ ಚೂರು, ಹವಳದ ಮುರುಕುಗಳಿಗೆ ಈ ಅಲ್ಪ ಬಂಡವಾಳ ಧಾರಾಳವಾಗಿ ಸಾಕು.