ಕಾಲಾ ಅಜಾರ್: ಸರಾಸರಿಯೊಳಗೆ ಅಡಗಿ ಕೂತವರು

ಒಂದು ಬ್ಲಾಕ್‌ನಲ್ಲಿ ವರ್ಷಕ್ಕೆ 10,000 ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣ. ಕಾಲಾ ಅಜಾರ್ ‘ನಿರ್ಮೂಲನೆ’ ಆಯ್ತು ಅನ್ನೋಕೆ ಭಾರತ ಇಟ್ಟುಕೊಂಡ ಅಳತೆಗೋಲು ಇದು. ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದ ಎಲ್ಲ 633 ಪೀಡಿತ ಬ್ಲಾಕ್‌ಗಳೂ 2023ರಲ್ಲಿ ಈ ಗುರಿ ಮುಟ್ಟಿದವು. ಸಾಧನೆ ದೊಡ್ಡದೇ. ಆದರೆ ಎಂಜಿನಿಯರಿಂಗ್ ಓದಿದ ನನಗೆ ಸರಾಸರಿ ಕಂಡ ಕೂಡಲೇ ಅನುಮಾನ ಶುರುವಾಗುತ್ತೆ. ಇದರೊಳಗೆ ಯಾರು ಅಡಗಿದ್ದಾರೆ?

ಕಾಲಾ ಅಜಾರ್ ಜೊತೆ ಎಚ್‌ಐವಿಯೂ ಇರುವವರು.

ಸ್ಯಾಂಡ್‌ಫ್ಲೈ ಅನ್ನೋ ಪುಟ್ಟ ನೊಣ ಕಚ್ಚಿದಾಗ ಲೀಶ್ಮೇನಿಯಾ ಪರಾವಲಂಬಿ ದೇಹ ಸೇರುತ್ತೆ. ವಾರಗಟ್ಟಲೆ ಜ್ವರ, ಊದಿದ ಗುಲ್ಮ, ಇಳಿಯುವ ತೂಕ. ಚಿಕಿತ್ಸೆ ಸಿಗದಿದ್ದರೆ ಬಹುಪಾಲು ಸಾವೇ. ಆದರೆ ಸೋಂಕು ತಗುಲಿದ ಎಲ್ಲರಿಗೂ ರೋಗ ಬರಲ್ಲ. ಹೆಚ್ಚಿನವರಲ್ಲಿ ಸಿಡಿ4 ಕೋಶಗಳ ನೇತೃತ್ವದ ರೋಗನಿರೋಧಕ ಶಕ್ತಿ ಅದನ್ನು ಕಟ್ಟಿಹಾಕುತ್ತೆ. ಎಚ್‌ಐವಿ ಕೊಲ್ಲೋದು ಇದೇ ಸಿಡಿ4 ಕೋಶಗಳನ್ನು. ಹಾಗಾಗಿ ಎಚ್‌ಐವಿ ಇದ್ದವರಿಗೆ ಕಾಲಾ ಅಜಾರ್ ಬರುವ ಅಪಾಯ ನೂರು ಪಟ್ಟಿಗೂ ಹೆಚ್ಚು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಕಾಲಾ ಅಜಾರ್ ಕೂಡ ಸುಮ್ಮನಿರಲ್ಲ, ಎಚ್‌ಐವಿ ಬೇಗ ಉಲ್ಬಣಿಸುವಂತೆ ಮಾಡುತ್ತೆ.

ತೊಡಕು ಇಲ್ಲಿಗೇ ನಿಲ್ಲಲ್ಲ. ಆರ್‌ಕೆ39 ಅನ್ನೋ ಕ್ಷಿಪ್ರ ಪರೀಕ್ಷೆ ಹುಡುಕೋದು ರಕ್ತದಲ್ಲಿನ ಪ್ರತಿಕಾಯಗಳನ್ನು. ರೋಗನಿರೋಧಕ ಶಕ್ತಿಯೇ ಕುಸಿದವರಲ್ಲಿ ಅವು ಕಡಿಮೆ, ರೋಗವಿದ್ದರೂ ‘ನೆಗೆಟಿವ್’ ಬರಬಹುದು. ಚಿಕಿತ್ಸೆ ಆದಮೇಲೂ ರೋಗ ಮತ್ತೆ ಮತ್ತೆ ಮರುಕಳಿಸುತ್ತೆ. ಭಾರತದಲ್ಲಿ ಕಾಲಾ ಅಜಾರ್ ಹರಡೋದು ಮನುಷ್ಯರಿಂದ ನೊಣಕ್ಕೆ, ನೊಣದಿಂದ ಮನುಷ್ಯರಿಗೆ. ಒಬ್ಬ ರೋಗಿ ಪದೇ ಪದೇ ಕಾಯಿಲೆ ಬಿದ್ದರೆ ಆ ಊರಿನ ನೊಣಗಳಿಗೆ ಪದೇ ಪದೇ ಪರಾವಲಂಬಿ ಸಿಕ್ಕ ಹಾಗೆ. ಪ್ರಕರಣಗಳ ಸಂಖ್ಯೆ ಇಳಿದಷ್ಟೂ ಇಂಥ ಒಬ್ಬೊಬ್ಬರ ತೂಕ ಏರುತ್ತೆ.

2011ರಿಂದ 2013ರ ನಡುವೆ ಬಿಹಾರದಲ್ಲಿ ಕಾಲಾ ಅಜಾರ್‌ಗೆ ಚಿಕಿತ್ಸೆಗೆಂದು ಬಂದ ಸುಮಾರು 2,000 ಮಂದಿಯನ್ನು ಎಚ್‌ಐವಿಗೂ ಪರೀಕ್ಷಿಸಿದಾಗ 5.6% ಜನರಲ್ಲಿ ಅದು ಪತ್ತೆಯಾಯ್ತು. ಅವರಲ್ಲಿ ಹಲವರಿಗೆ ಆವರೆಗೂ ವಿಷಯವೇ ಗೊತ್ತಿರಲಿಲ್ಲ.

ದಾರಿ ಇಲ್ಲವೆಂದಲ್ಲ. ಲೈಪೋಸೋಮಲ್ ಆಂಫೊಟೆರಿಸಿನ್ ಬಿ ಜೊತೆ ಮಿಲ್ಟೆಫೊಸಿನ್ ಕೊಡುವ ಕ್ರಮವನ್ನು ಪಟ್ನಾದಲ್ಲೇ ಪರೀಕ್ಷಿಸಲಾಯ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಶಿಫಾರಸು ಮಾಡಿತು. ಜೊತೆಗೆ ಎಚ್‌ಐವಿಯ ಎಆರ್‌ಟಿ ಮಾತ್ರೆಯೂ ತಪ್ಪಬಾರದು.

ಆದರೆ ಔಷಧಿ ತಲುಪೋಕೆ ಮೊದಲು ರೋಗಿ ಸಿಗಬೇಕು. ಪ್ರತಿ ಕಾಲಾ ಅಜಾರ್ ರೋಗಿಗೂ ಎಚ್‌ಐವಿ ಪರೀಕ್ಷೆ, ಹೆಸರು ಬಯಲಾಗದ ಭರವಸೆ, ಗುಣವಾದ ಮೇಲೂ ತಿಂಗಳುಗಟ್ಟಲೆ ನಿಗಾ. ಗುರಿ ಮುಟ್ಟಿದೆವು ಅಂತ ಇವಕ್ಕೆ ದುಡ್ಡು ಕಡಿತ ಮಾಡಿದರೆ, ಸರಾಸರಿ ಮತ್ತೆ ಮೇಲೇರೋಕೆ ಹೆಚ್ಚು ಜನ ಬೇಕಾಗಲ್ಲ.