ನಿಮ್ಮದೇ ರಕ್ತ, ಆದರೂ ಎಚ್ಚರ ಬೇಕು

ಆಪರೇಷನ್ ಎಂದ ಕೂಡಲೇ ಮನೆಮಂದಿಯ ಮೊದಲ ಓಟ ರಕ್ತಕ್ಕಾಗಿ. ಗುಂಪು ಹೊಂದಿತೇ, ಕೊಡುವವರು ಬಂದರೇ ಎಂಬ ತಳಮಳ. ಇಂಥ ಹೊತ್ತಿನಲ್ಲಿ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ, "ಹರಿದುಹೋಗೋ ರಕ್ತವನ್ನೇ ಹಿಡಿದು ಅವರಿಗೇ ವಾಪಸು ಕೊಡ್ತೀವಿ" ಎನ್ನುವುದುಂಟು. ಕೇಳಿದರೆ ಮೈ ಜುಂ ಎನ್ನುತ್ತದೆ, ಅಲ್ಲವೇ?

ವಿದ್ಯೆ ಹೊಸದೇನಲ್ಲ. ಬಸಿರು ಗರ್ಭಕೋಶದ ಬದಲು ನಾಳದಲ್ಲಿ ನಿಂತು, ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ತುಂಬಿಕೊಳ್ಳುತ್ತದೆ. ಜರ್ಮನಿಯ ವೈದ್ಯ ಥೀಸ್ 1914ರಲ್ಲೇ ಇಂಥ ಹೆಂಗಸರ ರಕ್ತವನ್ನು ಅವರಿಗೇ ಮರಳಿಸಿದ್ದನ್ನು ವರದಿ ಮಾಡಿದರು. ತೊಳೆದು ಕೊಡುವ ಯಂತ್ರ ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಅದು ರಕ್ತವನ್ನು ಕೊಳವೆಯಿಂದ ಹೀರಿ, ಹೆಪ್ಪುಗಟ್ಟದಂತೆ ಔಷಧ ಬೆರೆಸಿ, ಸೋಸಿ, ಗಿರ್ರನೆ ತಿರುಗಿಸಿ, ಸಲೈನಿನಲ್ಲಿ ತೊಳೆದು, ಕೆಂಪು ಕಣಗಳನ್ನು ಚೀಲಕ್ಕೆ ತುಂಬುತ್ತದೆ. ಬೇರೆಯವರ ಕಾಯಿಲೆ ಅಂಟುವ ಭಯವಿಲ್ಲ. 1952ರಲ್ಲಿ ಪತ್ತೆಯಾದ ಅಪರೂಪದ ಬಾಂಬೆ ಗುಂಪಿನವರಿಗಂತೂ ಇದು ದೊಡ್ಡ ಆಸರೆ.

ಹಾಗಂತ ಬ್ಲಡ್ ಬ್ಯಾಂಕಿನ ಏರ್ಪಾಡು ಬೇಡ ಅಂದುಕೊಳ್ಳಬೇಡಿ! ಅಕ್ಕಿ ತೊಳೆದಾಗ ನೀರಿನೊಂದಿಗೆ ಸ್ವಲ್ಪ ಸತ್ವವೂ ಹೋಗುವುದಿಲ್ಲವೇ? ಹಾಗೆಯೇ ಇಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ತೊಳೆದುಹೋಗುತ್ತವೆ. ಸ್ರಾವ ಬಹಳವಾದರೆ ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಹೊರಗಿನಿಂದಲೇ ತರಿಸಬೇಕು.

ಇನ್ನು, ತೊಳೆದ ಮಾತ್ರಕ್ಕೆ ಎಲ್ಲವೂ ಶುದ್ಧವಾಗದು. ಕರುಳಿನ ಹೊಲಸು, ಕೀವು ಬೆರೆತ ರಕ್ತದಲ್ಲಿ ರೋಗಾಣು ಉಳಿದೀತು. ಕ್ಯಾನ್ಸರ್ ಗಡ್ಡೆಯಿದ್ದರೆ ಅದರ ಕಣಗಳು ಸೇರಿಯಾವೆಂದು ವೈದ್ಯರು ತೂಗಿ ನೋಡುತ್ತಾರೆ. ಗಾಯ ತೊಳೆಯುವ ಅಯೋಡಿನ್ ಔಷಧವನ್ನು ಈ ಯಂತ್ರದ ಕೊಳವೆಯಲ್ಲಿ ಹೀರಬಾರದು. ಬರೀ ನೀರು ಸೇರಿದರೂ ಕೆಂಪು ಕಣ ಒಡೆಯುತ್ತವೆ. ಚೀಲದಲ್ಲಿ ಗಾಳಿ ಉಳಿದಿರುವುದರಿಂದ, ಬೇಗ ಇಳಿಯಲಿ ಎಂದು ಅದನ್ನು ಒತ್ತಿ ಏರಿಸಿದರೆ ಗಾಳಿ ರಕ್ತನಾಳಕ್ಕೆ ನುಗ್ಗಿ ಪ್ರಾಣಕ್ಕೇ ಕುತ್ತು. ಚೀಲದ ಮೇಲೆ ರೋಗಿಯ ಹೆಸರು, ನಂಬರು, ಹೊತ್ತು ಅಲ್ಲೇ ಬರೆಯಬೇಕು. ತೊಳೆದ 4 ಗಂಟೆಯೊಳಗೆ ಕೊಟ್ಟು ಮುಗಿಸುವುದು ಸಾಮಾನ್ಯ ಕ್ರಮ.

ಇದೆಲ್ಲ ಡಾಕ್ಟರ ಕೆಲಸ, ನಮಗೇಕೆ ಅನ್ನುವಿರಾ? ಹಳೆಯ ಸೋಂಕು, ಗಡ್ಡೆ, ಮನೆತನದಲ್ಲಿರುವ ಸಿಕಲ್ ಸೆಲ್ ಕಾಯಿಲೆ – ಇವನ್ನು ಹೇಳಬೇಕಾದವರು ನಾವೇ ತಾನೇ? ಸಂಕೋಚ ಬೇಡ.

ಸಿಸೇರಿಯನ್ನಿನಲ್ಲಿ ಇದನ್ನು ಬಳಸುವಾಗ ಅನೇಕ ಕಡೆ ಗರ್ಭನೀರನ್ನು ಬೇರೆ ಕೊಳವೆಯಲ್ಲಿ ತೆಗೆಯುತ್ತಾರೆ. ಆದರೆ ಮಗುವಿನ ಕೆಂಪು ಕಣ ಯಾವುದು, ತಾಯಿಯದು ಯಾವುದು ಎಂದು ಯಂತ್ರಕ್ಕೆ ಗೊತ್ತಾಗದು. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದರೆ ರಕ್ತ ಪರೀಕ್ಷಿಸಿ ತಕ್ಕ ಪ್ರಮಾಣದ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು. ಮುಂದಿನ ಬಸಿರಿನ ಮಾತಿದು, ಮರೆಯದೆ ಕೇಳಿ.

ರಕ್ತ ಏರಿಸುವಾಗ ಅಥವಾ ಆಮೇಲೆ ಚಳಿ ನಡುಕ, ಉಸಿರುಕಟ್ಟು, ಕೆಂಪಗೆ ಮೂತ್ರ ಕಂಡರೆ ನರ್ಸಮ್ಮನನ್ನು ತಕ್ಷಣ ಕೂಗಿ. ಬೆಳಗಾಗಲಿ ಎಂದು ಕಾಯಬೇಡಿ.